ಇಂಪೀರಿಯಲ್ ಸ್ಟೌಟ್ ಸವಿಯುವ ಬಗೆ: ಮುಚ್ಚಳ ತೆಗೆಯುವ ಮುಂಚಿನಿಂದ ಕೊನೆಯ ಗುಟುಕಿನವರೆಗೆ

ತುಮಕೂರಿನ ಯಾವ ಬಾರಿನಲ್ಲಿ ಬಿಯರ್ ಕೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ: ಚಿಲ್ಡಾ, ನಾರ್ಮಲ್ಲಾ? ಏಪ್ರಿಲ್ ಬಿಸಿಲಿನಲ್ಲಿ ಲಾಗರ್, ಅಂದರೆ ಬಾರಿನಲ್ಲಿ ಸಾಮಾನ್ಯವಾಗಿ ಸಿಗುವ ತಿಳಿಬಣ್ಣದ ಬಿಯರ್, ಕುಡಿಯುವವರಿಗೆ ಅದು ಸರಿಯಾದ ಪ್ರಶ್ನೆಯೇ. ಆದರೆ ಇಂಪೀರಿಯಲ್ ಸ್ಟೌಟ್ ಎಂಬ ಕಡುಗಪ್ಪು, ಗಟ್ಟಿ ಬಿಯರನ್ನೂ ಅದೇ ತಣುಪಿನಲ್ಲಿ, ಅದೇ ವೇಗದಲ್ಲಿ ಕುಡಿದರೆ ನಾಲಿಗೆಗೆ ಸಿಗುವುದು ಬರೀ ಕಹಿ. "ಸೀದೋದ ಕಾಫಿ ಥರ ಐತೆ ಕಣೋ" ಅಂತ ಅರ್ಧಕ್ಕೇ ಗ್ಲಾಸ್ ಕೆಳಗಿಟ್ಟವರನ್ನು ಬಹಳ ನೋಡಿದ್ದೇನೆ. ಅದೇ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಿಂದ ಹೊರಗಿಟ್ಟು, ಸಣ್ಣ ಗ್ಲಾಸಿಗೆ ಒಂದಿಷ್ಟೇ ಸುರಿದು ಕೊಟ್ಟಾಗ ಅವರ ಮಾತೇ ಬದಲಾಗುತ್ತದೆ. ಈ ಬಿಯರ್‌ನಲ್ಲಿ ಏನಿದೆ ಎಂದು ತಿಳಿಯಲು ಬೇಕಾದದ್ದು ಸ್ವಲ್ಪ ಬಿಸುಪು, ಸ್ವಲ್ಪ ಸಮಯ, ಮತ್ತು ನಮ್ಮ ಅಡುಗೆಮನೆಯಲ್ಲೇ ಇರುವ ಒಂದಷ್ಟು ವಾಸನೆಗಳ ನೆನಪು. 21 ವರ್ಷ ತುಂಬಿದವರಿಗಾಗಿ ಬರೆದದ್ದು ಇದು. ಮದ್ಯ ಬೇಡ ಎಂದು ನಿರ್ಧರಿಸಿದವರನ್ನು ಒಲಿಸುವ ಉದ್ದೇಶ ನನಗಿಲ್ಲ.

ಮೊದಲು, ಇದು ಎಂಥ ಬಿಯರ್

ಸ್ಟೌಟ್‌ನ ಕಪ್ಪು ಬಣ್ಣಕ್ಕೆ ಕಾರಣ ಕರಿಯಾಗುವ ಮಟ್ಟಕ್ಕೆ ಹುರಿದ ಬಾರ್ಲಿ ಮತ್ತು ಮಾಲ್ಟ್. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಒಟ್ಟು ಕಾಳಿನಲ್ಲಿ ಹೆಚ್ಚಿನ ಪಾಲು ಬಿಳಿ ಮಾಲ್ಟೇ ಇರುತ್ತದೆ. ಕಪ್ಪಗೆ ಹುರಿದದ್ದು ಸ್ವಲ್ಪವೇ ಸೇರಿದರೂ ಇಡೀ ಬಿಯರ್ ಕಪ್ಪಾಗುತ್ತದೆ. ಕಾಫಿ, ಚಾಕೊಲೇಟ್ ಎಂದು ಜನ ಗುರುತಿಸುವ ರುಚಿಯೆಲ್ಲ ಬಹುಪಾಲು ಈ ಹುರಿಯುವಿಕೆಯಿಂದಲೇ ಬಂದದ್ದು. 'ಚಾಕೊಲೇಟ್ ಮಾಲ್ಟ್' ಎಂಬ ಹೆಸರಿನ ಕಾಳಿದೆ, ಅದರಲ್ಲಿ ಚಾಕೊಲೇಟ್ ಚೂರೂ ಇರುವುದಿಲ್ಲ.

18ನೇ ಶತಮಾನದ ಲಂಡನ್‌ನಿಂದ ಗಟ್ಟಿ ಪೋರ್ಟರ್ ಬಿಯರ್ (ಸ್ಟೌಟ್ ಹುಟ್ಟಿದ್ದು ಈ ಕಂದು ಬಿಯರ್‌ನಿಂದಲೇ) ಬಾಲ್ಟಿಕ್ ಸಮುದ್ರದ ದಾರಿಯಲ್ಲಿ ರಷ್ಯಾಕ್ಕೆ ಹೋಗುತ್ತಿತ್ತು. ಚಿತ್ರಕಾರ ಜೋಸೆಫ್ ಫ್ಯಾರಿಂಗ್ಟನ್ 1796ರಲ್ಲಿ ಲಂಡನ್ನಿನ ಸದರ್ಕ್‌ನ ಥ್ರೇಲ್ ಬ್ರೂವರಿಯ ಪೋರ್ಟರ್ ಕುಡಿದು, ಅದು ರಷ್ಯಾದ ಸಾಮ್ರಾಜ್ಞಿಗೆಂದೇ ತಯಾರಿಸಿದ್ದು, 7 ವರ್ಷ ಕೆಡದೆ ಉಳಿಯುತ್ತದಂತೆ ಎಂದು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆಗಿನ ಸಾಮ್ರಾಜ್ಞಿ ಎರಡನೇ ಕ್ಯಾಥರೀನ್. ಹೆಸರಿನಲ್ಲಿರುವ 'ಇಂಪೀರಿಯಲ್' ಆ ಅರಮನೆಯ ನಂಟು. ಇವತ್ತು ನಾವು ಕುಡಿಯುವ ಕಡುಗಪ್ಪು ರೂಪಕ್ಕೆ ಇನ್ನೊಂದು ಕಾರಣ 1817ರಲ್ಲಿ ಡೇನಿಯಲ್ ವೀಲರ್ ಪೇಟೆಂಟ್ ಪಡೆದ, ಮಾಲ್ಟನ್ನು ಸುಟ್ಟು ಬೂದಿಯಾಗಿಸದೆ ಕಪ್ಪಗೆ ಹುರಿಯುವ ಉರುಳೆ.

ಈಗಿನ ಇಂಪೀರಿಯಲ್ ಸ್ಟೌಟ್‌ಗಳಲ್ಲಿ ಮದ್ಯಾಂಶ ಸಾಮಾನ್ಯವಾಗಿ ಶೇ. 8ರಿಂದ 12. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಬಿಯರ್‌ಗೆ ಶೇ. 8ರ ಮಿತಿ ಇದೆ. ಹಾಗಾಗಿ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಒಳ್ಳೆಯ ಸ್ಟೌಟ್ ಸಿಕ್ಕರೂ, ಶೇ. 10 ದಾಟಿದ ಬಾಟಲಿ ನಮ್ಮೂರಿಗೆ ಬರುವುದು ಹೆಚ್ಚಾಗಿ ಹೊರದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ. ವಿಮಾನದಲ್ಲಿ ಬರುವವರು ಸುಂಕವಿಲ್ಲದೆ ತರಬಹುದಾದ ಮದ್ಯ ಒಟ್ಟು 2 ಲೀಟರ್. ಬಿಯರ್ ಕೂಡ ಆ ಲೆಕ್ಕಕ್ಕೇ ಸೇರುತ್ತದೆ. ತರಿಸುವುದಾದರೆ ಒಂದೇ ಬಗೆಯ ನಾಲ್ಕು ಬಾಟಲಿಗಿಂತ ಎರಡು ಬಗೆಯದ್ದು ಎರಡೆರಡು ತರಿಸಿ. ಪಕ್ಕಪಕ್ಕದಲ್ಲಿಟ್ಟು ಕುಡಿದಾಗ ಕಲಿಯುವುದು ಹೆಚ್ಚು.

ಕುಡಿಯುವ ಮುಂಚಿನ ಲೆಕ್ಕ

ಬಾಟಲಿ ಚಿಕ್ಕದು ಎಂದು ಅದರ ಬಲವನ್ನು ಕಡಿಮೆ ಅಂದಾಜು ಮಾಡಬೇಡಿ. 650 ಎಂಎಲ್‌ನ ದೊಡ್ಡ ಬಾಟಲಿ, ಶೇ. 5ರ ಲಾಗರ್: ಶುದ್ಧ ಮದ್ಯ ಸುಮಾರು 32 ಎಂಎಲ್. 330 ಎಂಎಲ್‌ನ ಸಣ್ಣ ಬಾಟಲಿ, ಶೇ. 11ರ ಸ್ಟೌಟ್: ಸುಮಾರು 36 ಎಂಎಲ್. ಶೇ. 42.8ರ ವಿಸ್ಕಿಯ ಒಂದು ಲಾರ್ಜ್ ಪೆಗ್‌ನಲ್ಲಿ (60 ಎಂಎಲ್) ಇರುವುದು ಸುಮಾರು 26 ಎಂಎಲ್. ಅಂದರೆ ಆ ಸಣ್ಣ ಬಾಟಲಿ ಒಬ್ಬರೇ ಮುಗಿಸಿದರೆ ಹೆಚ್ಚುಕಡಿಮೆ ಒಂದೂವರೆ ಲಾರ್ಜ್ ಒಳಗೆ ಹೋದ ಹಾಗೆ.

ನಾಲ್ವರಿಗೆ ಒಂದು ಬಾಟಲಿ ಹಂಚುವುದು ನನ್ನ ಪದ್ಧತಿ. ತಲೆಗೆ 80 ಎಂಎಲ್ ಬರುತ್ತದೆ, ರುಚಿ ನೋಡಲು ಅಷ್ಟು ಧಾರಾಳ. ಗಾಡಿ ಓಡಿಸುವವರು ಅಷ್ಟನ್ನೂ ಮುಟ್ಟಬಾರದು. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಬಹಳ ಚಿಕ್ಕ ಅಳತೆ. ಬೆಂಗಳೂರಿಗೆ ಸ್ಟೌಟ್ ಹುಡುಕಿಕೊಂಡು ಹೋಗುವವರು ಹೆದ್ದಾರಿ ಬಿಟ್ಟು ರೈಲಿನಲ್ಲೇ ಹೋಗಿ ಬನ್ನಿ.

ವಾಸನೆಯ ತಟ್ಟೆ ಸಿದ್ಧ ಮಾಡಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನಗೆ ಇಡೀ ಪ್ರಯೋಗದಲ್ಲಿ ಇದೇ ಮುಖ್ಯ. ಹೊರದೇಶದ ಲೇಬಲ್ ಮೇಲೆ ಒಣ ಪ್ಲಮ್, ಮೊಲಾಸಿಸ್, ಲಿಕೊರೈಸ್ ಅಂತೆಲ್ಲ ಬರೆದಿರುತ್ತಾರೆ. ಅವನ್ನು ತಿಂದು ಬೆಳೆದವರಿಗೆ ಆ ಪಟ್ಟಿ ಸಹಾಯಕ್ಕೆ ಬರುತ್ತದೆ. ನಮ್ಮ ಮೂಗಿನಲ್ಲಿ ಬೇರೆಯದೇ ಸರಕು ತುಂಬಿಕೊಂಡಿದೆ, ಅದರಲ್ಲಿ ಸಾಕಷ್ಟು ಈ ಬಿಯರಿಗೆ ಸರಿಯಾಗಿ ಹೊಂದುತ್ತದೆ. ಒಂದು ತಟ್ಟೆಯಲ್ಲಿ ಚಿಕ್ಕ ಚಿಕ್ಕ ಬಟ್ಟಲು ಇಟ್ಟು ಇವನ್ನು ಹಾಕಿ.

ರಾಗಿ ಹುರಿಹಿಟ್ಟು ಒಂದು ಚಮಚ. ಅರಳಿಸಿದ ರಾಗಿಯಲ್ಲಿ ಏಳುವ ಘಮ ಮತ್ತು ಹುರಿದ ಬಾರ್ಲಿಯ ಘಮ ಹುಟ್ಟುವ ಬಗೆ ಒಂದೇ: ಕಾಳಿನ ಸಕ್ಕರೆ ಮತ್ತು ಪ್ರೋಟೀನ್ ಶಾಖಕ್ಕೆ ಸಿಕ್ಕಿ ಕೂಡಿಕೊಳ್ಳುವುದು. ಹಾಲು, ಸಕ್ಕರೆ ಇಲ್ಲದ ಫಿಲ್ಟರ್ ಡಿಕಾಕ್ಷನ್ ಎರಡು ಬಟ್ಟಲು, ಒಂದು ತಾಜಾ, ಇನ್ನೊಂದು ಬೆಳಗಿನದನ್ನು ಮತ್ತೆ ಕುದಿಸಿದ್ದು. ಜೋನಿ ಬೆಲ್ಲ ಸ್ವಲ್ಪ. ಅದರ ಪಕ್ಕದಲ್ಲೇ ಬೆಲ್ಲವನ್ನು ಬಾಣಲೆಯಲ್ಲಿ ಹೊಗೆಯಾಡುವ ತನಕ ಕಾಯಿಸಿದ ಒಂದು ಚೂರು. ಬೀಜ ಬಿಡಿಸಿದ ಹಳೆ ಹುಣಸೆಹಣ್ಣು, ಕಪ್ಪಗೆ ತಿರುಗಿದ್ದೇ ಆಗಬೇಕು. ಒಣದ್ರಾಕ್ಷಿಯಲ್ಲಿ ಕರಿಯದು, ಒಂದು ಖರ್ಜೂರ. ಸಕ್ಕರೆ ಕಡಿಮೆ ಇರುವ ಕಪ್ಪು ಚಾಕೊಲೇಟ್ ಒಂದು ತುಂಡು. ಕೊನೆಗೆ ಒಣಕೊಬ್ಬರಿ, ಸಾಧ್ಯವಾದರೆ ತಿಪಟೂರಿನ ಉಂಡೆ ಕೊಬ್ಬರಿ. ಹೋಳು ಮಾಡಿ ಅರ್ಧ ಹಾಗೇ ಇಡಿ, ಇನ್ನರ್ಧ ಕೆಂಡದ ಮೇಲೆ ಕೆಂಪಾಗುವಷ್ಟು ಸುಡಿ.

ಕೊಬ್ಬರಿಗೆ ಏಕೆ ಇಷ್ಟು ಪ್ರಾಮುಖ್ಯ ಎಂದರೆ, ಓಕ್ ಮರದ ಪೀಪಾಯಿಯಲ್ಲಿ ಇಟ್ಟು ಮಾಗಿಸಿದ ಸ್ಟೌಟ್‌ಗಳಿಗೆ ಆ ಮರದಿಂದ ಲ್ಯಾಕ್ಟೋನ್ ಎಂಬ ಅಂಶ ಇಳಿಯುತ್ತದೆ. ಅದರ ವಾಸನೆ ಥೇಟ್ ಕೊಬ್ಬರಿಯದು. ಬರ್ಬನ್ ವಿಸ್ಕಿಗೆ ಬಳಸುವ ಅಮೆರಿಕನ್ ಓಕ್‌ನಲ್ಲಿ ಅದು ಹೆಚ್ಚು. ತಿಪಟೂರಿನ ಕೊಬ್ಬರಿ ಮಂಡಿಯ ಗೆಳೆಯನೊಬ್ಬನ ಕೈಗೆ, ಏನೂ ಹೇಳದೆ ಇಂಥ ಪೀಪಾಯಿ ಸ್ಟೌಟ್ ಕೊಟ್ಟಿದ್ದೆ. ಗ್ಲಾಸಿಗೆ ಮೂಗಿಟ್ಟವನು ಒಂದು ಕ್ಷಣ ಸುಮ್ಮನಿದ್ದು, "ಅಟ್ಟದಿಂದ ಇಳಿಸಿ ಸುಲಿದಾಗ ಬರ್ತದಲ್ಲ, ಆ ವಾಸ್ನೆ ಐತೆ ಇದ್ರಲ್ಲಿ" ಅಂದ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯ ಒಳಗೆ ಮೂಗಿಡುವುದು ಅವನ ನಿತ್ಯದ ಕೆಲಸ. ವರ್ಷಗಟ್ಟಲೆ ಸ್ಟೌಟ್ ಕುಡಿದವರಿಗೂ ಅಷ್ಟು ಖಚಿತವಾಗಿ ಹೇಳಲು ಆಗುವುದಿಲ್ಲ. ತರಬೇತಿ ಅಂದರೆ ಇದೇ, ಮೂಗು ಈಗಾಗಲೇ ಬಲ್ಲದ್ದನ್ನು ಹತ್ತಿರಕ್ಕೆ ತಂದುಕೊಳ್ಳುವುದು.

ಬಾಟಲಿ ತೆರೆಯುವ ಮುಂಚೆ ಒಂದೊಂದೇ ಬಟ್ಟಲನ್ನು ಮೂಸಿ. ಅವಸರ ಬೇಡ. ನಡುವೆ ಮೂಗು ದಣಿದರೆ ನಿಮ್ಮ ಮುಂಗೈಯನ್ನೇ ಮೂಸಿ, ಸರಿಹೋಗುತ್ತದೆ.

ಗ್ಲಾಸು, ತಣುಪು, ಸುರಿಯುವುದು

ಬ್ರಾಂದಿ ಗ್ಲಾಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ವೈನ್ ಗ್ಲಾಸ್. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಯಾವ ಗಾಜಾದರೂ ನಡೆಯುತ್ತದೆ, ವಾಸನೆ ಒಳಗೇ ನಿಲ್ಲಬೇಕು ಅಷ್ಟೆ. ಸ್ಟೀಲ್ ಲೋಟ ಬೇಡ, ಬಣ್ಣ ಕಾಣದು. ಗಾಜಿನಲ್ಲಿ ಎಣ್ಣೆ ಅಥವಾ ಸೋಪಿನ ಅಂಶ ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ. ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ ಒಣಗಿಸಿ, ಅಡುಗೆಮನೆಯ ಬಟ್ಟೆಯಲ್ಲಿ ಒರೆಸಬೇಡಿ. ನಡುವೆ ಬಾಯಿ ಮುಕ್ಕಳಿಸಲು ಫಿಲ್ಟರ್ ನೀರು ಇಟ್ಟುಕೊಳ್ಳಿ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸು ರುಚಿ ನಾಲಿಗೆ ಮೇಲೆ ಕೂತರೆ ಬಿಯರ್‌ನ ಸಣ್ಣ ರುಚಿಗಳು ತಿಳಿಯುವುದಿಲ್ಲ.

ಫ್ರಿಜ್‌ನಲ್ಲಿ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಬಾಟಲಿಯಲ್ಲೇ ಯೀಸ್ಟ್ ಉಳಿದಿರುವ ಬಗೆಗಳಲ್ಲಿ ಗಸಿ ತಳ ಸೇರುತ್ತದೆ. ಕುಡಿಯುವ ಅರ್ಧ ಗಂಟೆ ಮುಂಚೆ ಹೊರಗಿಡಿ. 12ರಿಂದ 14 ಡಿಗ್ರಿ ಸೆಲ್ಸಿಯಸ್ ಆಸುಪಾಸು ಶುರು ಮಾಡಲು ಸರಿ. ಥರ್ಮಾಮೀಟರ್ ಇಲ್ಲದವರು ಬಾಟಲಿಯನ್ನು ಕೆನ್ನೆಗೆ ತಾಗಿಸಿ ನೋಡಿ: ಮಣ್ಣಿನ ಮಡಕೆಯ ನೀರಿಗಿಂತ ಇನ್ನೊಂದಿಷ್ಟು ತಂಪಾಗಿರಬೇಕು, ಚುರುಕ್ ಅನ್ನಿಸಬಾರದು. ಗ್ಲಾಸನ್ನು ಓರೆಯಾಗಿ ಹಿಡಿದು ನಿಧಾನ ಸುರಿಯಿರಿ, ಕೊನೆಯಲ್ಲಿ ನೇರ ಮಾಡಿ ನೊರೆ ಏಳಿಸಿ. ತಳದ ಒಂದು ಬೆರಳಿನಷ್ಟು ಗಸಿಯನ್ನು ಬಾಟಲಿಯಲ್ಲೇ ಬಿಡಿ.

ಕಣ್ಣು

ದೀಪದ ಎದುರು ಹಿಡಿದರೂ ನಡುಭಾಗ ಕಪ್ಪಾಗಿಯೇ ಇರಬೇಕು. ಗ್ಲಾಸನ್ನು ವಾಲಿಸಿ ಅಂಚು ನೋಡಿ, ತೆಳುವಾದಲ್ಲಿ ಕಡುಗೆಂಪು ಅಥವಾ ಕಂದು ಇಣುಕಬಹುದು. ನೊರೆ ಕಂದು ಬಣ್ಣದ್ದಾಗಿರುತ್ತದೆ. ಮದ್ಯಾಂಶ ಹೆಚ್ಚಾದಷ್ಟೂ ನೊರೆ ಬೇಗ ಇಳಿಯುತ್ತದೆ, ಪೀಪಾಯಿಯಲ್ಲಿ ಮಾಗಿದ್ದರಲ್ಲಂತೂ ಅಂಚಿನಲ್ಲಿ ಒಂದು ಗೆರೆ ಉಳಿದರೆ ಹೆಚ್ಚು. ಅದು ದೋಷವಲ್ಲ.

ಮೂಗು

ಮೊದಲ ಸಲ ಗ್ಲಾಸನ್ನು ಅಲ್ಲಾಡಿಸಬೇಡಿ. ಒಂದು ಗೇಣು ದೂರದಲ್ಲಿ ಹಿಡಿದು ಸಣ್ಣಗೆ ಉಸಿರೆಳೆಯಿರಿ. ಈ ಹೊತ್ತಿನಲ್ಲಿ ಮುಂದೆ ಬರುವುದು ಹುರಿದ ವಾಸನೆ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ಹುರಿಹಿಟ್ಟಿನ ಕಡೆಗಿದೆಯೋ, ತಾಜಾ ಡಿಕಾಕ್ಷನ್ ಕಡೆಗೋ, ಮತ್ತೆ ಕುದಿಸಿದ ಡಿಕಾಕ್ಷನ್ ಕಡೆಗೋ? ಮೂರನೆಯದರ ಕಡೆಗೆ ಜಾಸ್ತಿ ವಾಲಿದ್ದರೆ ಬಾಯಲ್ಲಿ ಬೂದಿಯ ಒಣಕಲು ಬರುತ್ತದೆ ಎಂದು ಈಗಲೇ ತಿಳಿಯಬಹುದು.

ಈಗ ಗ್ಲಾಸನ್ನು ಎರಡು ಸುತ್ತು ತಿರುಗಿಸಿ ಮೂಗನ್ನು ಹತ್ತಿರ ತನ್ನಿ. ಹುರಿದ ಪದರದ ಕೆಳಗೆ ಸಿಹಿ ಪದರ ಇರುತ್ತದೆ. ಜೋನಿ ಬೆಲ್ಲವೋ, ಕರಕಲಾದ ಬೆಲ್ಲವೋ? ಅದರ ಹಿಂದೆ ಹಣ್ಣು: ಕರಿದ್ರಾಕ್ಷಿ, ಖರ್ಜೂರ, ಕೆಲವೊಮ್ಮೆ ಹಳೆ ಹುಣಸೆಯ ಆಳದ ಹುಳಿ. ಈ ಹಣ್ಣಿನ ವಾಸನೆ ಹುಟ್ಟಿಸುವುದು ಯೀಸ್ಟ್ ಮತ್ತು ಕ್ಯಾರಮೆಲ್ ಮಾಲ್ಟ್‌ಗಳು. ಹೆಚ್ಚಿನ ಸ್ಟೌಟ್‌ಗಳಲ್ಲಿ ಹಣ್ಣು ಹಾಕಿರುವುದೇ ಇಲ್ಲ. ಪೀಪಾಯಿಯದಾದರೆ ಕೊಬ್ಬರಿ, ವೆನಿಲಾ ಬರುತ್ತವೆ. ಕೊನೆಗೆ ಮದ್ಯದ ಘಾಟು. ಮೂಗಿನೊಳಗೆ ಬೆಚ್ಚಗೆ ಅನ್ನಿಸಿದರೆ ಸರಿ, ಥಿನ್ನರ್ ಅಥವಾ ನೇಲ್ ಪಾಲಿಶ್ ಡಬ್ಬಿ ತೆರೆದಂತೆ ಚುಚ್ಚಿದರೆ ತಯಾರಿಯಲ್ಲೇ ಏನೋ ಎಡವಟ್ಟಾಗಿದೆ. ಹುದುಗುವಾಗ ಶಾಖ ಮೀರಿದರೆ ಹೀಗಾಗುವುದುಂಟು.

ಬಾಯಿ

ಒಂದು ಚಮಚದಷ್ಟು ಗುಟುಕು ಸಾಕು. ತಕ್ಷಣ ನುಂಗದೆ ನಾಲಿಗೆಯ ಮೇಲೆಲ್ಲ ಹರಡಿ, ಮೂರು ನಾಲ್ಕು ಸೆಕೆಂಡು ನಿಲ್ಲಿಸಿ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಅರ್ಧ ರುಚಿ ತಿಳಿಯುವುದು ಆ ಉಸಿರಿನಲ್ಲಿ, ಗಂಟಲಿನ ಹಿಂದಿನಿಂದ ವಾಸನೆ ಮೂಗಿಗೆ ಏರುವಾಗ.

ಮೊದಲ ಗುಟುಕಿನ ಮೇಲೆ ತೀರ್ಪು ಕೊಡಬೇಡಿ. ಅದು ಬಾಯಿಯನ್ನು ಹದ ಮಾಡುವುದಕ್ಕೆ. ಎರಡನೆಯದರಿಂದ ಗಮನಿಸಿ.

ಮೊದಲು ದಪ್ಪ. ಒಳ್ಳೆಯ ಇಂಪೀರಿಯಲ್ ಸ್ಟೌಟ್ ನಾಲಿಗೆಯ ಮೇಲೆ ತೂಕವಾಗಿ ಕೂರುತ್ತದೆ, ಏಕೆಂದರೆ ಯೀಸ್ಟ್ ತಿನ್ನದೆ ಉಳಿಸಿದ ಮಾಲ್ಟ್ ಸಕ್ಕರೆ ಅದರಲ್ಲಿ ಸಾಕಷ್ಟಿರುತ್ತದೆ. ಆಮೇಲೆ ಸಿಹಿ. ಅದರ ಬೆನ್ನಿಗೇ ಕಹಿ, ಮತ್ತು ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕಹಿ ಎರಡು ಬಗೆಯದು. ಬಿಯರ್‌ಗೆ ಕಹಿ ಮತ್ತು ಘಮಕ್ಕೆಂದು ಹಾಕುವ ಹಾಪ್ಸ್ ಹೂವಿನ ಕಹಿ ನಾಲಿಗೆಯ ಹಿಂಭಾಗವನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡುವುದಿಲ್ಲ. ಹುರಿದ ಕಾಳಿನ ಕಹಿ ಒಣಗಿದ್ದು, ಜೊತೆಗೆ ಒಂದಿಷ್ಟು ಒಗರು ಮತ್ತು ಸಣ್ಣ ಹುಳಿ ಇರುತ್ತದೆ, ಬೇಗ ಜಾರಿ ಹೋಗುತ್ತದೆ. ಎರಡನ್ನೂ ಬೇರೆ ಮಾಡಿ ಗುರುತಿಸಲು ಬಂದರೆ ಯಾವ ಸ್ಟೌಟ್ ಯಾಕೆ ಕಹಿ ಎಂದು ಹೇಳಬಲ್ಲಿರಿ. ತಟ್ಟೆಯಲ್ಲಿರುವ ಡಿಕಾಕ್ಷನ್ ಒಂದು ಹನಿ ನೆಕ್ಕಿ ಹೋಲಿಸಿ: ಬಿಯರ್‌ನಲ್ಲಿ ಅದಕ್ಕಿಂತ ಮುಂದಕ್ಕೆ ಉಳಿಯುವ ಕಹಿ ಹಾಪ್ಸ್‌ನದು.

ನುಂಗಿದ ಮೇಲೆ ಎದೆಯವರೆಗೆ ಇಳಿಯುವ ಬಿಸುಪು ಮದ್ಯದ್ದು. ಗಂಟಲು ಉರಿಯಬಾರದು. ಸಿಹಿ, ಕಹಿ, ಬಿಸುಪು ಈ ಮೂರರಲ್ಲಿ ಯಾವುದೂ ಉಳಿದೆರಡನ್ನು ಮುಚ್ಚದಿದ್ದರೆ ಅದು ಚೆನ್ನಾಗಿ ಕೂಡಿದ ಬಿಯರ್. ನನ್ನ ಮಟ್ಟಿಗೆ ಇದೊಂದೇ ನಿಜವಾದ ಪರೀಕ್ಷೆ. ಇತ್ತೀಚೆಗೆ ಹಾಲಿನ ಸಕ್ಕರೆ, ಬಿಸ್ಕತ್ತು, ಸಿರಪ್ ಸುರಿದು ಮಾಡುವ ಸ್ಟೌಟ್‌ಗಳು ಬಹಳ ಬಂದಿವೆ. ಮೊದಲ ಗುಟುಕಿಗೆ ಖುಷಿ ಕೊಡುತ್ತವೆ, ಮೂರನೆಯದಕ್ಕೆ ಬಾಯಿ ಕಟ್ಟುತ್ತದೆ. ಹಾಲು ಒಗ್ಗದವರು ಲೇಬಲ್‌ನಲ್ಲಿ ಲ್ಯಾಕ್ಟೋಸ್ ಇದೆಯೇ ಎಂದು ನೋಡಿಕೊಳ್ಳಿ.

ಒಂದೇ ಗ್ಲಾಸನ್ನು ಮೂರು ಸಲ

ಸುರಿದ ತಕ್ಷಣ ಒಮ್ಮೆ, ಹತ್ತು ನಿಮಿಷಕ್ಕೆ ಒಮ್ಮೆ, ಇಪ್ಪತ್ತು ನಿಮಿಷಕ್ಕೆ ಒಮ್ಮೆ. ಗ್ಲಾಸಿನ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದರೆ ಇನ್ನೂ ಬೇಗ ಬಿಸುಪೇರುತ್ತದೆ. ಉದಾಹರಣೆಗೆ, ಕ್ಯಾಲಿಫೋರ್ನಿಯಾದ ನಾರ್ತ್ ಕೋಸ್ಟ್ ಬ್ರೂವರಿಯ ಓಲ್ಡ್ ರಸ್ಪುಟಿನ್ ನನ್ನ ಬಾಯಿಗೆ ಹೀಗೆ ಬಂತು. ಮದ್ಯಾಂಶ ಶೇ. 9, ಲೇಬಲ್ ಮೇಲೆ ರಷ್ಯಾದ ಗಡ್ಡದ ಸಾಧು ರಸ್ಪುಟಿನ್‌ನ ಚಿತ್ರ, ಪೀಪಾಯಿಯಲ್ಲಿಡದ ಸಾದಾ ಬಾಟಲಿ.

ತಂಪಿನಲ್ಲಿ: ನೊರೆ ದಟ್ಟ, ಕಂದು. ಮೂಗಿಗೆ ಡಿಕಾಕ್ಷನ್, ಅಷ್ಟೇ. ಬಾಯಲ್ಲಿ ಹಾಪ್ಸ್ ಕಹಿ ಎದ್ದು ನಿಂತಿತ್ತು, ಸಿಹಿ ಎಲ್ಲೋ ಅಡಗಿತ್ತು. ತಣುಪು ಸಿಹಿಯನ್ನು ಅದುಮುವುದರಿಂದ ಹೀಗಾಗುತ್ತದೆ.

ಹತ್ತು ನಿಮಿಷದ ಮೇಲೆ: ಕಪ್ಪು ಚಾಕೊಲೇಟ್ ಸ್ಪಷ್ಟ. ಬೆಲ್ಲ ಕರಕಲಾಗುವ ಮುಂಚಿನ ಹದದ ವಾಸನೆ, ಆಲೆಮನೆಯ ಕೊಪ್ಪರಿಗೆಯ ಅಂಚಿನಲ್ಲಿ ಅಂಟಿದ್ದನ್ನು ಕೆರೆದು ತಿಂದವರಿಗೆ ಗೊತ್ತಿರುವುದು. ಕಹಿ ಅಲ್ಲೇ ಇದ್ದರೂ ಈಗ ಅದಕ್ಕೆ ಎದುರಾಗಿ ಸಿಹಿ ನಿಂತಿತ್ತು.

ಇಪ್ಪತ್ತು ನಿಮಿಷದ ಮೇಲೆ: ಕರಿದ್ರಾಕ್ಷಿ, ಅದರ ಹಿಂದೆ ಹುರಿಹಿಟ್ಟು. ಬಿಸುಪು ಎದೆಯಲ್ಲಿ ಹರಡಿ ನಿಂತಿತು. ನುಂಗಿ ಎಷ್ಟೋ ಹೊತ್ತಾದರೂ ನಾಲಿಗೆ ಹಿಂಭಾಗದಲ್ಲಿ ಕಾಫಿ ಬೀಜ ಅಗಿದ ರುಚಿ ಉಳಿದಿತ್ತು. ಈ ಹಂತಕ್ಕೆ ಬರುವ ಮುಂಚೆಯೇ ಗ್ಲಾಸ್ ಖಾಲಿ ಮಾಡಿದ್ದರೆ ಬಾಟಲಿಯ ಅತ್ಯುತ್ತಮ ಭಾಗವೇ ತಪ್ಪಿಹೋಗುತ್ತಿತ್ತು.

ಹೀಗೆ ಮೂರು ಸಾಲು ಬರೆದಿಡಿ, ದಿನಾಂಕ ಮತ್ತು ಬಾಟಲಿಯ ತಯಾರಿ ದಿನಾಂಕದ ಸಮೇತ. ಅಂಕ ಕೊಡುವುದು ನನಗೆ ಒಗ್ಗದು. 'ಖರ್ಜೂರ, ಸೀದ ಬೆಲ್ಲ, ಕೊನೆಗೆ ಒಗರು' ಎಂಬ ಸಾಲು ಆರು ತಿಂಗಳ ನಂತರವೂ ಆ ಬಿಯರನ್ನು ಕಣ್ಣ ಮುಂದೆ ತರುತ್ತದೆ. ಹತ್ತಕ್ಕೆ ಎಂಟು ಎಂಬ ಅಂಕಕ್ಕೆ ಆ ಶಕ್ತಿ ಇಲ್ಲ. ಜೊತೆಗಿರುವವರು ಬರೆದು ಮುಗಿಸುವ ತನಕ ನಿಮ್ಮದನ್ನು ಬಾಯಿಬಿಟ್ಟು ಹೇಳಬೇಡಿ. ಒಬ್ಬರು 'ಕೊಬ್ಬರಿ' ಅಂದರೆ ಸಾಕು, ಎಲ್ಲರಿಗೂ ಅದೇ ಬರಲು ಶುರುವಾಗುತ್ತದೆ.

ಕೆಟ್ಟದ್ದನ್ನು ಗುರುತಿಸುವುದು

ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರ್‌ಗೆ ಗಾಳಿ ತಾಗಿ ಹಳತಾಗಿದೆ. ಸೋಯಾ ಸಾಸ್ ಬಂದರೂ ಹಾಗೇ, ಹಳತಾದ ಗುರುತು, ಅಥವಾ ಸತ್ತ ಯೀಸ್ಟ್ ಬಿಟ್ಟ ಅಂಶ. ಬೆಣ್ಣೆ ಬಿಸ್ಕತ್ತಿನ ಘಮ ಇಲ್ಲಿ ಒಳ್ಳೆಯದಲ್ಲ, ಹುದುಗುವಿಕೆ ಪೂರ್ತಿಯಾಗದೆ ಉಳಿದದ್ದು. ವಿನೆಗರ್ ಚುರುಕು ಬಂದರೆ ಬ್ಯಾಕ್ಟೀರಿಯಾ ಸೇರಿದೆ, ಪಕ್ಕಕ್ಕಿಡಿ. ಹುಣಸೆಯ ಮೆದು ಹುಳಿಗೂ ವಿನೆಗರ್ ಹುಳಿಗೂ ಇರುವ ವ್ಯತ್ಯಾಸವನ್ನು ತಟ್ಟೆಯ ಸಹಾಯದಿಂದ ಖಚಿತ ಮಾಡಿಕೊಳ್ಳಿ. ಹುರಿದ ಮಾಲ್ಟ್‌ನಿಂದ ಬರುವ ಸಣ್ಣ ಹುಳಿ ಸಹಜವಾದದ್ದು.

ಜೊತೆಗೆ ಏನು ತಿನ್ನಬೇಕು

ರುಚಿ ನೋಡುವಾಗ ಏನೂ ಬೇಡ. ಮುಗಿದ ಮೇಲೆ ಉಳಿದ ಗುಟುಕುಗಳ ಜೊತೆ ತಿನ್ನಬಹುದು. ಮೆಣಸಿನಕಾಯಿ ಬಜ್ಜಿ, ಖಾರದ ಕಬಾಬ್, ನಾಟಿಕೋಳಿ ಸಾರು ಇದರ ಜೊತೆ ಹೊಂದುವುದಿಲ್ಲ. ಮದ್ಯಾಂಶ ಹೆಚ್ಚಿದ್ದರೆ ಖಾರದ ಉರಿಯೂ ಹೆಚ್ಚುತ್ತದೆ, ಕಹಿಯೂ ಒರಟಾಗುತ್ತದೆ. ಬಜ್ಜಿ ತಿಂದ ತುಟಿಯ ಎಣ್ಣೆ ನೊರೆಯನ್ನೂ ಕೊಲ್ಲುತ್ತದೆ. ಮುದ್ದೆ, ಸಾರು ಆಮೇಲೆ ಊಟಕ್ಕೆ ಇರಲಿ.

ನನಗೆ ಅತಿ ಇಷ್ಟವಾದ ಜೋಡಿ ಕೊಬ್ಬರಿ ಮಿಠಾಯಿ, ಅದರಲ್ಲೂ ಬೆಲ್ಲದಲ್ಲಿ ಮಾಡಿದ್ದು. ಪೀಪಾಯಿ ಸ್ಟೌಟ್‌ನ ಓಕ್ ವಾಸನೆ ಮಿಠಾಯಿಯ ಕೊಬ್ಬರಿಯನ್ನು ಎತ್ತಿ ತೋರಿಸುತ್ತದೆ, ಹುರಿದ ಕಹಿ ಸಿಹಿಯನ್ನು ತಡೆಯುತ್ತದೆ. ಕಾಯಿ ಹೋಳಿಗೆಯೂ ಚೆನ್ನ, ತುಪ್ಪ ಕಡಿಮೆ ಇರಲಿ. ಸಿಹಿ ಬೇಡ ಎನ್ನುವವರಿಗೆ ಪಾವಗಡದ ಕಡೆಯ ಶೇಂಗಾ ಮರಳಿನಲ್ಲಿ ಹುರಿದು, ಕೊಂಚ ಉಪ್ಪು.

ಉಳಿದ ಬಾಟಲಿ ಇಡುವುದು

ಇಂಪೀರಿಯಲ್ ಸ್ಟೌಟನ್ನು ವರ್ಷಗಟ್ಟಲೆ ಇಟ್ಟು ಮಾಗಿಸುವವರಿದ್ದಾರೆ. ಹಾಪ್ಸ್ ಕಹಿ ತಗ್ಗಿ, ಒಣಹಣ್ಣಿನ ರುಚಿ ಮುಂದೆ ಬರುತ್ತದೆ. ಆದರೆ ಅವರು ಇಡುವುದು 12, 13 ಡಿಗ್ರಿಯ ನೆಲಮಾಳಿಗೆಯಲ್ಲಿ. ತುಮಕೂರಿನ ಆರ್‌ಸಿಸಿ ಮನೆಯ ಬೀರುವಿನಲ್ಲಿ ಬೇಸಿಗೆ ಕಳೆದ ಬಾಟಲಿ ಮಾಗುವ ಮುಂಚೆಯೇ ಸೋಯಾ ಸಾಸ್ ಆಗುತ್ತದೆ, ಶಾಖ ಹೆಚ್ಚಿದಷ್ಟೂ ಹಳತಾಗುವ ವೇಗ ಹೆಚ್ಚು. ಇಡಲೇಬೇಕು ಎಂದಿದ್ದರೆ ಫ್ರಿಜ್‌ನ ಕೆಳಗಿನ ತರಕಾರಿ ಡಬ್ಬಿಯ ಪಕ್ಕ, ನೆಟ್ಟಗೆ, ಬೆಳಕು ಬೀಳದಂತೆ ಪೇಪರ್ ಸುತ್ತಿ ಇಡಿ. ಒಂದೇ ಬಗೆಯ ಎರಡು ಬಾಟಲಿ ತಂದಿದ್ದರೆ ಒಂದನ್ನು ಈಗಲೇ ತೆರೆದು ಬರೆದಿಡಿ, ಇನ್ನೊಂದರ ಕತ್ತಿಗೆ ದಿನಾಂಕದ ಚೀಟಿ ಕಟ್ಟಿ ಮುಂದಿನ ಸಂಕ್ರಾಂತಿಗೆ ತೆರೆಯಿರಿ. ಒಮ್ಮೆ ಮುಚ್ಚಳ ತೆಗೆದದ್ದನ್ನು ಮಾತ್ರ ಅದೇ ರಾತ್ರಿ ಮುಗಿಸಬೇಕು, ಅದಕ್ಕೇ ನಾಲ್ವರನ್ನು ಕರೆಯಿರಿ ಎಂದದ್ದು.